ಮನೆಯಳಿಯನ ಉತ್ತರ

ತಂಗ್ ಕಣಿವೆ, ಬುಮ್‌ತಾಂಗ್
ಎರಡನೇ ತಿಂಗಳ ಹದಿನೆಂಟು

ಪ್ರೀತಿಯ ತಂಗಿ ಸೆಲ್ದೆನ್‌ಗೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಹೋಗಿತ್ತು, ತಡೆದೆ. ನಾವು ಕ್ಷೇಮವೋ ಅಲ್ಲವೋ ಎಂಬುದು ಈಗ ಥಿಂಪುವಿನಲ್ಲಿ, ನಿಮ್ಮ ಕಚೇರಿಯ ಯಾವುದೋ ಕಪಾಟಿನಲ್ಲಿದೆ. ಆ ವಿಷಯಕ್ಕೇ ಈ ಕಾಗದ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ಕಲ್ಲಿನ ಮೇಲೆ ಹತ್ತಿ ನಿಂತರೆ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ನಿನಗಿಂತ ಮೊದಲು ಪಕ್ಕದ ಮನೆಯ ಗ್ಯೆಮ್‌ಳಿಗೆ ಕೇಳಿಸುತ್ತದೆ.

ಹೋದ ತಿಂಗಳು ಸರ್ಕಾರದ ಸುಖ ಅಳೆಯುವವರು ಪ್ರಶ್ನೆಗಳ ಕಾಗದ ಹಿಡಿದು ಊರಿಗೆ ಬಂದಿದ್ದರು. ನೀನು ಆ ಕಾಗದಗಳನ್ನು ಕಂಪ್ಯೂಟರಿಗೆ ತುಂಬುವವಳು, ನಿನಗೆ ಹೊಸದಾಗಿ ಹೇಳುವುದೇನಿಲ್ಲ. ಆದರೆ ಅವರು ಬರುವ ಮೊದಲು ಇಲ್ಲಿ ಏನು ನಡೆಯಿತು ಎಂಬುದು ನಿಮ್ಮ ಯಾವ ಕಾಗದದಲ್ಲೂ ಬಂದಿರಲಾರದು. ಊರಿನ ಮುಖಂಡ ಫುರ್ಪ ಎಲ್ಲರನ್ನೂ ಕರೆದು ಕೂರಿಸಿ, "ನೋಡ್ರಪ್ಪ, ತುಂಬಾ ಸುಖವಾಗಿದೀವಿ ಅಂತ ಹಲ್ಲು ಕಿರೀಬೇಡಿ. ರಸ್ತೆ ದುಡ್ಡು ಪಕ್ಕದ ಕಣಿವೆಗೆ ಹೋಗುತ್ತೆ. ಹಂಗಂತ ಅಳ್ತಾನೂ ಕೂರ್ಬೇಡಿ, ನನ್ ಮರ್ಯಾದೆ ಹೋಗುತ್ತೆ" ಎಂದ. ಎಷ್ಟು ಅಳಬೇಕು, ಎಷ್ಟು ನಗಬೇಕು ಎಂದು ಯಾರೋ ಕೇಳಿದ್ದಕ್ಕೆ, "ಅದನ್ನೂ ನಾನೇ ಹೇಳ್ಬೇಕಾ? ಮೆಣಸಿನಕಾಯಿ ಪಲ್ಯಕ್ಕೆ ಉಪ್ಪು ಹಾಕೋ ಹಂಗೆ ಅಂದಾಜಲ್ಲಿ ಹೇಳಿ" ಎಂದ. ಎಲ್ಲರ ಉತ್ತರವನ್ನೂ ಮನೆಯ ಹೆಸರು ಹಾಕಿ ಪಂಚಾಯಿತಿ ಬಾಗಿಲಿಗೆ ಅಂಟಿಸುತ್ತಾರೆ ಎಂದು ಬೇರೆ ಹೇಳಿ ಹೋದ. ಅದು ನಿಜವೋ ಸುಳ್ಳೋ ನೀನೇ ಬರೆದು ತಿಳಿಸು.

ನಾನು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಮನೆ ನನ್ನದು, ಜಮೀನು ನನ್ನದು, ಅಮ್ಮ ನನ್ನ ಹೆಸರಿಗೆ ಮಾಡಿ ಹೋದದ್ದು. ಕೇಳಿದರೆ ನನ್ನನ್ನೇ ಕೇಳಬೇಕಲ್ಲವೇ? ಹತ್ತಕ್ಕೆ ಎಷ್ಟು ಸುಖ ಎಂದರೆ ಎಂಟು ಎನ್ನೋಣ ಎಂದುಕೊಂಡಿದ್ದೆ. ಹತ್ತು ಎಂದರೆ ಜನರ ಬಾಯಿಗೆ ಬೀಳುತ್ತೇವೆ, ಆಮೇಲೆ ಲಾಮಾನನ್ನು ಕರೆಸಿ ಶಾಂತಿ ಮಾಡಿಸಬೇಕು. ಆರು ಎಂದರೆ ಗ್ಯೆಮ್ ಸಂತೋಷಪಡುತ್ತಾಳೆ. ನೆಲ ಒರೆಸಿ, ಒಳ್ಳೆಯ ಕಿರಾ ಉಟ್ಟು, ಬೆಣ್ಣೆ ಚಹಾ ಕಡೆದು ಕಾದೆ.

ಬಂದದ್ದು ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗಿ. ಮಾತು ಮಾತಿಗೂ ಲಾ, ಲಾ ಎಂದು ಮರ್ಯಾದೆ ಕೊಡುವವಳು. ಮನೆಗೊಬ್ಬರನ್ನೇ ಕೇಳುವುದಂತೆ, ಅದೂ ಚೀಟಿ ಎತ್ತಿಯಂತೆ. ಎತ್ತಿದಳು. ನಿನ್ನ ಭಾವ ನಿದುಪ್‌ನ ಹೆಸರು ಬಂತು.

"ಇವ್ನು ಮನೆಯಳಿಯ ಕಣಮ್ಮ, ಇವ್ನಿಗೇನು ಗೊತ್ತಿರುತ್ತೆ? ನನ್ನ ಕೇಳು" ಎಂದೆ. ಹುಡುಗಿ, "ಚೀಟೀಲಿ ಬಂದೋರ್ನೇ ಕೇಳ್ಬೇಕು ಲಾ. ಬೇರೆ ಯಾರೂ ಹತ್ರ ಇರ್ಬಾರ್ದು ಲಾ" ಎಂದಳು. ನನ್ನ ಮನೆಯ ದೇವರ ಕೋಣೆಯಿಂದ ನನ್ನನ್ನೇ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಮೂರು ಗಂಟೆ, ಸೆಲ್ದೆನ್! ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷ. ಇವನು ನನ್ನ ಜೊತೆ ಒಟ್ಟಿಗೆ ಮೂರು ಗಂಟೆ ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಅಡುಗೆಮನೆಯ ಹಲಗೆ ಗೋಡೆಗೆ ಕಿವಿ ಕೊಟ್ಟು ನಿಂತೆ. ಪಾಪ ಎಂದು ಗೊತ್ತು, ಆ ಲೆಕ್ಕಕ್ಕೆ ನೂರೆಂಟು ಮಣಿ ಜಪ ಮಾಡಿದ್ದಾಗಿದೆ. ಎಷ್ಟು ಹೊತ್ತು ನಿದ್ದೆ, ಎಷ್ಟು ಗಿಡ ನೆಟ್ಟಿದ್ದೀರಿ, ವಾರಕ್ಕೆಷ್ಟು ಸಲ ಸಿಟ್ಟು ಬರುತ್ತದೆ, ಇಂಥವೇ ಕೇಳಿಸಿದವು. ಕಾಯಿಲೆ ಬಿದ್ದರೆ ನೋಡಿಕೊಳ್ಳುತ್ತಾರೆ ಎಂದು ನಂಬಬಹುದಾದವರು ಎಷ್ಟು ಜನ ಎಂದು ಕೇಳಿದಳು. ಇವನು ತಡಮಾಡದೆ, "ಇಬ್ರು" ಎಂದ.

ಇಬ್ಬರು! ಒಬ್ಬಳು ನಾನು. ಇನ್ನೊಬ್ಬರು ಯಾರು? ನಮಗೆ ಮಕ್ಕಳಿಲ್ಲ, ಇವನ ಕಡೆಯವರು ಸತ್ತು ಹೋಗಿದ್ದಾರೆ. ಗ್ಯೆಮ್‌ಳ ಗಂಡ ತೀರಿಕೊಂಡು ಎರಡು ವರ್ಷವಾಯಿತು. ಹೋದ ಚಳಿಗಾಲದಲ್ಲಿ ಇವನಿಗೆ ಜ್ವರ ಬಂದಾಗ ಅವಳು ಕುಟ್ಟು ಧಾನ್ಯದ ಹಿಟ್ಟಿನ ದೋಸೆ ಮಾಡಿ ಮುಚ್ಚಿಕೊಂಡು ತಂದಿದ್ದಳು. ನನಗೆ ಆವತ್ತೇ ಅನ್ನಿಸಿತ್ತು.

ಅದಾದ ಮೇಲೆ ಆ ಹುಡುಗಿ ಇನ್ನೊಂದು ಕೇಳಿದಳು. "ನಿಮ್ಮನೇಲೇ ನಿಮ್ಗೆ ಹೊರಗಿನೋರು ಅನ್ಸುತ್ತಾ ಲಾ? ಯಾವಾಗ್ಲೂನಾ, ಆಗಾಗನಾ, ಇಲ್ವೇ ಇಲ್ವಾ?" ಒಲೆಯ ಮೇಲಿನ ಚಹಾ ಉಕ್ಕಿ ಸುರಿದರೂ ನಾನು ಅಲುಗಲಿಲ್ಲ. ಕೊನೆಗೆ ಇವನು ತಗ್ಗಿದ ದನಿಯಲ್ಲಿ ಏನೋ ಹೇಳಿದ. ಏನೆಂದು ಕೇಳಿಸಲಿಲ್ಲ. "ಹಾಗೇ ಬರ್ಕೊಳ್ಳಾ?" ಎಂದಳು. "ಬರ್ಕೋ" ಎಂದ. ಅಷ್ಟೇ.

ಹೊರಗೆ ಬಂದಾಗ ಆ ಹುಡುಗಿಯ ಕಣ್ಣು ಕೆಂಪಾಗಿತ್ತು. ಚಹಾ ಕುಡಿದಳು, ಆದರೆ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನಾನು ಇವನನ್ನು, "ಏನೇನ್ ಕೇಳಿದ್ಳು?" ಎಂದೆ. "ಏನೇನೋ" ಎಂದ. "ನೀನೇನಂದೆ?" "ಏನೇನೋ." ಬಾಯಿಗೆ ಬೀಗ.

ಅವತ್ತಿನಿಂದ ಇವನು ಒಳ್ಳೆಯವನಾಗಿಬಿಟ್ಟಿದ್ದಾನೆ. ಅದೇ ನನ್ನ ಭಯ. ಹೇಳದೆಯೇ ನೀರು ತರುತ್ತಾನೆ. ಮೂರು ವರ್ಷದಿಂದ ಕಿರುಗುಟ್ಟುತ್ತಿದ್ದ ಬಾಗಿಲು ಸರಿಮಾಡಿದ. ಮಾಡಿನ ಹಲಗೆಗಳನ್ನು ಮಗುಚಿ ಹಾಕುವುದು ಮುಂದಿನ ವರ್ಷದ ಕೆಲಸ, ಈಗಲೇ ಹತ್ತಿ ಕೂತಿದ್ದಾನೆ. ನಾನು ಬೈದರೂ ನಗುತ್ತಾನೆ. ಮನೆ ಬಿಟ್ಟು ಹೋಗುವ ಗಂಡಸು ಹೀಗೇ ಎಲ್ಲವನ್ನೂ ಸರಿಮಾಡಿಟ್ಟು ಹೋಗುತ್ತಾನೆ ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಅಪ್ಪ ಹೋಗುವ ಮುಂಚಿನ ತಿಂಗಳು ದನದ ಕೊಟ್ಟಿಗೆ ಪೂರ್ತಿ ಹೊಸದಾಗಿ ಕಟ್ಟಿದ್ದ. ನೀನು ಆಗ ತೊಟ್ಟಿಲಲ್ಲಿದ್ದೆ, ನನಗೆ ನೆನಪಿದೆ.

ನಮ್ಮ ಕಡೆ ಮನೆಯಳಿಯನಾಗಿ ಬಂದವನು ಹೋಗುವುದಕ್ಕೆ ಎಷ್ಟು ಹೊತ್ತು ಬೇಕು? ಹಾಸಿಗೆ ಸುತ್ತಿಕೊಂಡರೆ ಆಯಿತು.

ನಿನ್ನಿಂದ ಒಂದು ಉಪಕಾರ ಆಗಬೇಕು. ನಮ್ಮ ಮನೆಯ ಕಾಗದ ಹುಡುಕು. ಆ ಪ್ರಶ್ನೆಗೆ ಇವನು ಏನು ಹೇಳಿದ್ದಾನೆ ನೋಡು. "ಇಲ್ವೇ ಇಲ್ಲ" ಎಂದಿದ್ದರೆ ಸರಿ, ನಾನು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ ಎಂದುಕೊಳ್ಳುತ್ತೇನೆ. "ಯಾವಾಗಲೂ" ಎಂದಿದ್ದರೆ ಅದನ್ನು ಅಳಿಸಿ "ಇಲ್ವೇ ಇಲ್ಲ" ಎಂದು ಮಾಡಿಬಿಡು. ನಿಮ್ಮಲ್ಲಿ ಸಾವಿರಗಟ್ಟಲೆ ಕಾಗದಗಳಿವೆ. ಒಂದು ಗೀಟಿನಿಂದ ದೇಶದ ಸುಖ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಪಂಚಾಯಿತಿ ಬಾಗಿಲಲ್ಲಿ ಈ ಲ್ಹದೋನ್‌ಳ ಗಂಡ ಹೀಗೆ ಹೇಳಿದ್ದಾನೆ ಎಂದು ಗ್ಯೆಮ್ ಓದುವುದು ನನಗೆ ಬೇಡ.

ಮೇಲೆ ಬರೆದದ್ದನ್ನು ಈಗ ಓದಿ ನೋಡಿದೆ. ಮರ್ಯಾದೆಯ ಮಾತು ಅರ್ಧ ಸುಳ್ಳು. ನಿನಗೆ ಹೇಳದೆ ಯಾರಿಗೆ ಹೇಳಲಿ. ಹೋದ ವರ್ಷದ ವಾರ್ಷಿಕ ಪೂಜೆಗೆ ನೀನು ಬರಲಿಲ್ಲ. ಲಾಮಾಗಳು, ನೆಂಟರು ಎಲ್ಲ ಕೂತಿದ್ದರು. ಇವನು ಎರಡು ಲೋಟ ಆರಾ ಸಾರಾಯಿ ಕುಡಿದಿದ್ದ. ಕೆಳಗಿನ ಹೊಲದಲ್ಲಿ ಈ ಸಲ ಆಲೂಗಡ್ಡೆ ಬೇಡ, ಸೇಬಿನ ಗಿಡ ಹಾಕೋಣ, ನಮ್ಮ ಕಾಲಕ್ಕಲ್ಲದಿದ್ದರೂ ನಿಲ್ಲುತ್ತವೆ ಎಂದ. ತಪ್ಪೇನೂ ಹೇಳಲಿಲ್ಲ. ನನಗೆ ಯಾಕೆ ಹಾಗೆ ರೇಗಿತೋ, "ನಮ್ಮಮ್ಮನ ಹೊಲದಲ್ಲಿ ಏನ್ ಹಾಕ್ಬೇಕು ಅಂತ ನೀನ್ ಹೇಳ್ತೀಯಾ? ಒಂದು ಚಾಪೆ, ಒಂದು ಕತ್ತಿ ಹಿಡ್ಕೊಂಡು ಬಂದೋನು ನೀನು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕ. ಅವತ್ತಿನಿಂದ ಊಟಕ್ಕೆ ಒಲೆಯ ಪಕ್ಕ ಕೂರುವುದಿಲ್ಲ, ಬಾಗಿಲ ಬಳಿ ಕೂರುತ್ತಾನೆ. ಅಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಾನೆ. ಈ ಚಳಿಯಲ್ಲಿ ಯಾರಿಗೆ ಬೇಕು ಗಾಳಿ?

ತಪ್ಪಾಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿನಗೆ ಗೊತ್ತಲ್ಲ, ಅಮ್ಮನಿಗೂ ಬರುತ್ತಿರಲಿಲ್ಲ. ನೀನು ಅಲ್ಲಿ ಆ ಉತ್ತರ ಅಳಿಸಿದರೆ ಇವನ ಮನಸ್ಸಿನಿಂದಲೂ ಅಳಿದು ಹೋದೀತು ಎಂಬ ಹುಚ್ಚು ಆಸೆ. ಅವನು ಹೋದರೆ ನಾನು ಈ ಮನೆ ಇಟ್ಟುಕೊಂಡು ಏನು ಮಾಡಲಿ?

ಈ ಕಾಗದ ಯಾರ ಕೈಯಲ್ಲಿ ಕಳಿಸುವುದು ಎಂದು ಎರಡು ದಿನ ಯೋಚಿಸಿದೆ. ಬಸ್ಸಿನ ಡ್ರೈವರ್ ಫುರ್ಪನ ಅಳಿಯ. ಫುರ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಗ್ಯೆಮ್‌ಳ ಮಾತು ಬಿಡು. ಕೊನೆಗೆ ಇವನ ಕೈಯಲ್ಲೇ ಕೊಡುತ್ತಿದ್ದೇನೆ. ನಾಳೆ ಮೊಳೆ ತರಲು ಜಾಕರ್ ಪೇಟೆಗೆ ಹೋಗುತ್ತಾನೆ, ಅಂಚೆಗೆ ಹಾಕುತ್ತಾನೆ. ಬೇರೆಯವರ ಕಾಗದ ಒಡೆದು ಓದುವವನಲ್ಲ, ಅಷ್ಟು ನಂಬಿಕೆಯಿದೆ.

ಚಳಿಗೆ ಉಣ್ಣೆಯ ಚಡ್ಡಿ ಹಾಕಿಕೋ. ಬೇಗ ಉತ್ತರ ಬರೆ.

ನಿನ್ನ ಅಕ್ಕ,
ಲ್ಹದೋನ್

ತಾ.ಕ.: ಸೆಲ್ದೆನ್, ಇದು ನಿನ್ನ ಅಕ್ಕನ ಕೈಬರಹವಲ್ಲ, ನಾನು ನಿದುಪ್ ಭಾವ. ಜಾಕರ್ ಅಂಚೆಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಣ್ಣೆಯ ಚೀಲಕ್ಕೆ ಇರುವೆ ನುಗ್ಗದಂತೆ ಹೊಲಿಯುವ ನಿನ್ನ ಅಕ್ಕ ಈ ಲಕೋಟೆಗೆ ಒಂದು ಮೂಲೆಯಲ್ಲಿ ಮಾತ್ರ ಅಂಟು ಹಚ್ಚಿದ್ದಳು. ಗಾಳಿಗೆ ತೆರೆದುಕೊಂಡಿತು. ಮುಚ್ಚಬಹುದಿತ್ತು, ಮುಚ್ಚದೆ ಓದಿದೆ. ಇದು ತಪ್ಪು.

ಇಬ್ಬರು ಎಂದದ್ದು ನಿಜ. ಒಬ್ಬಳು ನಿನ್ನ ಅಕ್ಕ, ಇನ್ನೊಬ್ಬಳು ನೀನು. ಈ ಊರಿನಲ್ಲಿ ಎಲ್ಲರಿಗೂ ನಾನು ಲ್ಹದೋನ್‌ಳ ಮನೆಗೆ ಬಂದ ಮನೆಯಳಿಯ. ಭಾವ ಎಂದು ಕರೆದವಳು ನೀನೊಬ್ಬಳೇ. ಗ್ಯೆಮ್‌ಳ ದೋಸೆ ಗಟ್ಟಿಯಾಗಿತ್ತು, ನಾಯಿಗೆ ಹಾಕಿದೆ. ಆ ಹುಡುಗಿ ಅತ್ತದ್ದು ನನಗಾಗಿ ಅಲ್ಲ. ಅವಳ ಅಪ್ಪನೂ ಮನೆಯಳಿಯನಂತೆ, ಅವನನ್ನು ಯಾರೂ ಹೀಗೆ ಕೇಳಿರಲಿಲ್ಲವಂತೆ.

ನನ್ನನ್ನೂ ಯಾರೂ ಕೇಳಿರಲಿಲ್ಲ. "ಯಾವಾಗಲೂ" ಎಂದೆ. ಹೇಳಿದ ಮೇಲೆ ಎದೆ ಹಗುರಾಗಿ, ಮನೆಗೆಲಸ ಮಾಡಬೇಕು ಎನ್ನಿಸಿತು, ಅಷ್ಟೇ. ಹೋಗುವ ಯೋಚನೆ ಅದಕ್ಕೂ ಮುಂಚೆ ಇತ್ತು, ಈಗಿಲ್ಲ. ಇವತ್ತು ಮನೆಗೆ ಹೋಗಿ ಇದನ್ನೆಲ್ಲ ಅವಳಿಗೆ ನಾನೇ ಹೇಳುತ್ತೇನೆ. ಬೈದರೆ ಬೈಯಲಿ.

ಆದರೆ ನೀನು ಆ ಉತ್ತರವನ್ನು ಮುಟ್ಟಬೇಡ. ಅದು ಬದಲಾದ ದಿನ ನಾನೇ ಥಿಂಪುವಿಗೆ ಬಂದು ಹೇಳುತ್ತೇನೆ. ಅಲ್ಲಿಯವರೆಗೆ ಹಾಗೇ ಇರಲಿ. ಹತ್ತೊಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಹೆಸರಿಗೆ ಆದದ್ದು ಅದೊಂದೇ.