ಅವ್ವ ಹಾಸಿದ ಕಂಬಳಿ

ಹುಮನಾಬಾದ್
೨೮ ಜನವರಿ ೧೯೫೦

ತಂಗಿ ಕಾಂತಾಬಾಯಿಗೆ ಅಣ್ಣ ಬಕ್ಕಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಮುನಿಸಿಕೊಂಡಿರುತ್ತೀ. ಮಗ್ಗ ಬಿಟ್ಟೇಳಲು ಆಗಲಿಲ್ಲ ಎಂದರೆ ನೀನು ನಂಬುವವಳಲ್ಲ. ಆದರೂ ಅದನ್ನೇ ಬರೆಯುತ್ತೇನೆ.

ನಿನ್ನ ಯಜಮಾನರಾದ ಉತ್ತಮ ಅವರು ಕೊಹಿನೂರ ಊರು ಬಿಟ್ಟು ಇಲ್ಲಿಯ ಮಠದ ಮಗ್ಗದ ಮನೆ ಸೇರಬಹುದೇ ಎಂದು ಕೇಳಿದ್ದೀ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಮಠದ ಅಯ್ಯನವರು ಕುರಿ ಸಾಕಿ ಕಂಬಳಿ ನೇಯುವ ನಮ್ಮ ಗೊಂಡ ಮಂದಿಗೆಂದೇ ಇದನ್ನು ತೆರೆದಿದ್ದಾರೆ. ಉಣ್ಣೆ ಅವರೇ ಕೊಡುತ್ತಾರೆ, ನೇಯ್ದದ್ದನ್ನು ಅವರೇ ಮಾರಿಸುತ್ತಾರೆ. ಕಂಬಳಿ ಹೆಗಲ ಮೇಲೆ ಹೊತ್ತು ಕಲ್ಯಾಣದ ಸಂತೆಯಲ್ಲಿ ಬಿಸಿಲು ಕಾಯುವ ಗೋಳು ತಪ್ಪಿದೆ. ವ್ಯಾಪಾರಿ ಅಲ್ಲಾಬಕ್ಷ ಈಗ ತಾನೇ ಇಲ್ಲಿಗೆ ಬರುತ್ತಾನೆ. ಮೊನ್ನೆ ಕಂಬಳಿಯ ಅಂಚು ಸವರಿ, "ಏನ್ರಿ ಬಕ್ಕಪ್ಪ, ಮಠದ ಊಟ ಕೈಗೆ ಹತ್ತೇದ ನೋಡ್ರಿ" ಎಂದು ನಗೆಯಾಡಿದ.

ನೇಮವೊಂದಿದೆ. ಸೇರುವವರು ಲಿಂಗ ಕಟ್ಟಿಕೊಳ್ಳಬೇಕು. ಮಾಂಸ ತಿನ್ನುವುದು, ಸಿಂದಿ ಕುಡಿಯುವುದು ಬಿಡಬೇಕು. ಅಯ್ಯನವರು ಯಾರನ್ನೂ ಕೈಹಿಡಿದು ಎಳೆಯಲಿಲ್ಲ. "ಮನಸ್ಸು ಒಪ್ಪಿದ್ರ ಬಾ, ಇಲ್ಲಾಂದ್ರ ಬ್ಯಾಡ" ಎಂದಷ್ಟೇ ಹೇಳಿದರು. ನಾನು ಒಪ್ಪಿದೆ. ಸಿಂದಿ ಬಿಡಿಸಿದ್ದಕ್ಕೆ ನಿನ್ನ ಅತ್ತಿಗೆ ಇಂದಿಗೂ ಮಠದ ದಿಕ್ಕಿಗೆ ಕೈಮುಗಿಯುತ್ತಾಳೆ. ಬೆಳಿಗ್ಗೆ ಪೂಜೆ ಮುಗಿಸಿ ಮಗ್ಗದ ಕುಣಿಗೆ ಇಳಿದರೆ ಮನಸ್ಸು ಹಗುರಾಗಿಯೇ ಇರುತ್ತದೆ, ಸುಳ್ಳೇಕೆ ಹೇಳಲಿ?

ಆದ್ದರಿಂದ ಉತ್ತಮರು ಬರಬಹುದು. ಜಾಗವಿದೆ. ಶಿವರಾತ್ರಿಯೊಳಗೆ ತಿಳಿಸು.

ಅತ್ತೆಯವರಿಗೆ ನನ್ನ ಶರಣಾರ್ಥಿ. ಬೀರದೇವರು, ಅಲ್ಲ, ಶಿವ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ಹಳೆಯ ರೂಢಿ, ಕೈ ತಾನೇ ಕುಲದೇವರ ಹೆಸರು ಬರೆದುಬಿಡುತ್ತದೆ.

ನಿನ್ನ ಅಣ್ಣ
ಬಕ್ಕಪ್ಪ

ತಾ.ಕ.: ಕಳೆದ ಭಾನುವಾರ ಮೋರಖಂಡಿಯ ನಮ್ಮ ಮನೆಯಲ್ಲಿ ಬೀರದೇವರ ಊಟವಾಯಿತು. ವರ್ಷದ ಮೊದಲ ಉಣ್ಣೆಯ ಕಂಬಳಿ ಹಾಸಿ, ಮನೆಮಂದಿಯೆಲ್ಲ ಅದರ ಮೇಲೆ ಕೂತು ದೇವರಿಗೆ ಕೊಟ್ಟ ಕುರಿಯ ಊಟ ಮಾಡುವುದು ನಿನಗೆ ಗೊತ್ತಿದ್ದದ್ದೇ. ಈ ಸಲದ ಕಂಬಳಿ ನಾನೇ ನೇಯ್ದು ಒಯ್ದಿದ್ದೆ. ಮಾಂಸ ತಿನ್ನದಿದ್ದರೇನು, ಬರೀ ರೊಟ್ಟಿ ತಿಂದು ಎಲ್ಲರ ಜೊತೆ ಕೂತರಾಯಿತು ಎಂದುಕೊಂಡಿದ್ದೆ. ಅವ್ವ ನನಗೆಂದು ಅಂಗಳದಲ್ಲಿ ಬೇರೆ ಒಲೆ ಹೂಡಿ, ಹೊಸ ಗಡಿಗೆಯಲ್ಲಿ ಬೇಳೆ ಬೇಯಿಸಿದ್ದಳು. ಕಂಬಳಿಯತ್ತ ಹೋದವನಿಗೆ ಕೈ ಅಡ್ಡ ಹಿಡಿದಳು. "ಬ್ಯಾಡಪ್ಪಾ, ಇದು ನಿನಗ ನಡ್ಯಾಂಗಿಲ್ಲ. ನನ್ನ ಕೈಲಿಂದ ನಿನ್ನ ನೇಮ ಕೆಡಬಾರ್ದು. ಅಲ್ಲೇ ಕುಂಡ್ರು."

ಅವಳಿಗೆ ಸಿಟ್ಟಿರಲಿಲ್ಲ, ಕಾಂತಾ. ಸಿಟ್ಟಿದ್ದರೆ ಜಗಳವಾಡಿ ಕೂತುಬಿಡುತ್ತಿದ್ದೆ. ಸೆರಗು ಕೂಡ ನನಗೆ ತಾಗದಂತೆ ಹಿಡಿದುಕೊಂಡು ಬಡಿಸಿದಳು. ಅಂಗಳದಲ್ಲಿ ಒಬ್ಬನೇ ಕೂತೆ. ಬೇಳೆಗೆ ಉಪ್ಪು ಸರಿಯಾಗಿಯೇ ಇತ್ತು, ಅರ್ಧಕ್ಕೇ ಕೈ ತೊಳೆದೆ.

ಉತ್ತಮರಿಗೂ ತಾಯಿ ಇದ್ದಾರೆ. ಇಲ್ಲಿಗೆ ಹೊರಡುವ ಮುಂಚೆ ಒಮ್ಮೆ ಅವರ ಪಕ್ಕದಲ್ಲಿ ಕೂತು ಹೊಟ್ಟೆತುಂಬ ಉಣ್ಣಲು ಹೇಳು.