ಕೆಲ್ಲಿ ರಕ್ತ

ರೂವಿ, ಮಸ್ಕತ್
ಫೆಬ್ರುವರಿ ೧೦, ೨೦೨೫

ಹುಬ್ಬಳ್ಳಿಯ ಅತ್ತೆಗೆ ಶಾಲೆಟ್ ಮಾಡುವ ನಮಸ್ಕಾರ.

ಜೆನಿಟಾ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಳು ಎಂದು ಮೊನ್ನೆ ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ನಿಮ್ಮ ಮೊಮ್ಮಗಳ ಕೈ ಮುರಿದದ್ದು ನಿಮ್ಮ ಮಗ.

ಮೆಲ್ರಾಯ್‌ಗೆ ಮೂರು ವರ್ಷದಿಂದ ಹಿಡಿದಿರುವ ಹುಚ್ಚು ನಿಮಗೆ ಗೊತ್ತು. ವಾದಿ ಅದಾಯ್ ಬಡಾವಣೆಯ ವರ್ಕ್‌ಶಾಪಿನ ಕೆಲಸದಿಂದ ಬಂದವನೇ ಲ್ಯಾಪ್‌ಟಾಪ್ ತೆರೆದು, ನಮ್ಮ ಅಡ್ಡಹೆಸರು ಕೆಲ್ಲಿ ಎಂದು ಐರ್ಲೆಂಡಿನ ಕೆಲ್ಲಿಗಳಲ್ಲಿ ತನ್ನ ಪೂರ್ವಜರನ್ನು ಹುಡುಕುತ್ತಾನೆ. ಅಲ್ಲಿ ಬೀದಿಗೊಬ್ಬ ಕೆಲ್ಲಿ. ಅಷ್ಟು ಜನರಲ್ಲಿ ಇವನು ಆರಿಸಿಕೊಂಡದ್ದು ಸಿಪಾಯಿಗಳ ಬೆನ್ನಿನ ಚರ್ಮ ಕಿತ್ತುಬರುವಂತೆ ಚಾಟಿ ಬೀಸುತ್ತಿದ್ದ ಒಬ್ಬ ಸಾರ್ಜೆಂಟನನ್ನು! ಅವನ ಚಿತ್ರಕ್ಕೆ ಗಾಜು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ. ನನ್ನ ಹಲ್ಲು ಉದುರಿಸಿದ ದಿನ ಅದನ್ನೇ ತೋರಿಸಿ, 'ನಮ್ಮದು ಕೆಲ್ಲಿ ರಕ್ತ, ಕುದೀತದ. ನಾ ಏನ್ ಮಾಡ್ಲಿ?' ಎಂದ.

ಶುಕ್ರವಾರ ಚರ್ಚಿನಿಂದ ಅಜೈಬಾದ ನಮ್ಮ ಮನೆಗೆ ಬಂದೆವು. ಊರಿಂದ ಬಂದವರ ಕೈಯಲ್ಲಿ ನೀವು ಉಪ್ಪಿನಕಾಯಿ ಜೊತೆ ಕಳಿಸಿದ್ದ, ಮೆಲ್ರಾಯ್‌ನ ಮುತ್ತಜ್ಜನ ದೀಕ್ಷಾಸ್ನಾನದ ಸರ್ಟಿಫಿಕೇಟನ್ನು ಜೆನಿಟಾ ಗಟ್ಟಿಯಾಗಿ ಓದಿದಳು. ರೈಲು ಹಳಿಯ ಬಳಿ ಸಿಕ್ಕ ಮಗು, ತಂದೆತಾಯಿ ಗೊತ್ತಿಲ್ಲ. ಹೊಣೆ ನಿಂತ ಧರ್ಮಪಿತ ರೈಲ್ವೆ ಗಾರ್ಡ್ ಕೆಲ್ಲಿ. ಅಂದಿನ ರೂಢಿಯಂತೆ ಅವನ ಅಡ್ಡಹೆಸರನ್ನೇ ಮಗುವಿಗೂ ಇಟ್ಟಿದ್ದಾರೆ.

ಹನ್ನೆರಡರ ಹುಡುಗಿ, ತಲೆಯೆತ್ತಿ ಕೇಳಿದಳು: 'ಹಾಗಾದ್ರೆ ಪಪ್ಪಾ, ಮಮ್ಮಿಗೆ ಹೊಡೆಯೋದು ಯಾರ ರಕ್ತ?'

ಅವನು ಗೋಡೆಯಿಂದ ಸಾರ್ಜೆಂಟನನ್ನು ಕಿತ್ತು ನನ್ನ ತಲೆಗೆ ಬಡಿದ. ಗಾಜು ಹಣೆಗೆ ಹೊಕ್ಕಿತು, ರಕ್ತ ಇಳಿದು ಕಣ್ಣು ಕಾಣದಾಯಿತು. ಜೆನಿಟಾ ಅಡ್ಡ ಬಂದಳು. ಅವಳ ಕೈ ತಿರುಚಿದಾಗ ಕಟ್ಟಿಗೆ ಮುರಿದಂತೆ ಸದ್ದಾಯಿತು. ಅವಳು ಕಿರುಚಿದರೂ ಬಿಡಲಿಲ್ಲ. ನಾನು ಉಪ್ಪಿನಕಾಯಿ ಭರಣಿ ಎತ್ತಿ ಅವನ ಮುಖಕ್ಕೆ ಅಪ್ಪಳಿಸಿದೆ. ಇನ್ನೊಮ್ಮೆಯೂ ಅಪ್ಪಳಿಸಿದೆ. ಆಗ ಬಿಟ್ಟ.

ಪಕ್ಕದ ಫ್ಲ್ಯಾಟಿನ ಫರ್ಝಾನಾ ಓಡಿ ಬಂದು, 'ಖಲಾಸ್ ಶಾಲೆಟ್, ಇನ್ನು ಈ ಮನೆಗೆ ಕಾಲಿಡ್ಬೇಡ' ಎಂದು ಆಸ್ಪತ್ರೆಗೆ ಕರೆದೊಯ್ದಳು. ಈಗ ಇಲ್ಲಿ ಅವಳ ಅಕ್ಕನ ಮನೆಯಲ್ಲಿದ್ದೇವೆ.

ನಾಳೆ ಪೊಲೀಸರಿಗೆ ಹೇಳಿಕೆ ಕೊಡುತ್ತೇನೆ. ಅವನ ಕೆಲಸ ಹೋಗಬಹುದು, ಅದರ ಜೊತೆ ನಮ್ಮ ವೀಸಾನೂ. ನನಗೆ ತುಂಬಾ ಹೆದರಿಕೆ ಅತ್ತೆ. ಆದರೂ ಕೊಡುತ್ತೇನೆ, ತಡೆಯಬೇಡಿ.

ಇಂತಿ,
ನಿಮ್ಮ ಸೊಸೆ
ಶಾಲೆಟ್

ಮತ್ತೊಂದು ಮಾತು: ಜೆನಿಟಾ ಜೊತೆಗೆ ತಂದಿದ್ದ ಆ ಸರ್ಟಿಫಿಕೇಟನ್ನು ರಕ್ತದ ಕಲೆ ಒರೆಸಿ ನಿನ್ನೆ ಮತ್ತೆ ಓದಿದೆ. ಚರ್ಚಿನವರು ಈ ಪ್ರತಿಯನ್ನು ಕೊಟ್ಟ ವರ್ಷ ೧೯೯೧, ಪಡೆದವರ ಹೆಸರು ನಿಮ್ಮದು. ಮಾವ ಹೊಡೆದು ನಿಮ್ಮ ಎಡಗಿವಿ ಕಿವುಡಾದ ವರ್ಷ ಅದೇ ಎಂದು ನೀವೇ ಹೇಳಿದ್ದಿರಿ. ಈ ಮನೆತನದಲ್ಲಿ ಕೆಲ್ಲಿ ರಕ್ತವೇ ಇಲ್ಲ ಎಂದು ಅಂದೇ ನಿಮಗೆ ಗೊತ್ತಿತ್ತು. ಆದರೂ ನನ್ನ ಮದುವೆಯ ದಿನ ತಬ್ಬಿಕೊಂಡು, 'ಕೆಲ್ಲಿ ಮಂದಿ ರಕ್ತಾನ ಹಂಗ, ತಾಳ್ಕೋ ಯವ್ವಾ' ಎಂದಿರಿ. ಪೊಲೀಸರಿಗೆ ಇದನ್ನು ಹೇಳುವುದಿಲ್ಲ. ಜೆನಿಟಾ ಕೇಳಿದರೆ ಹೇಳುತ್ತೇನೆ.