ಇಪ್ಪತ್ತಾರು ಕುಂಡಗಳಿಗೆ ಗೊತ್ತಿದ್ದ ವಿಷಯ

ಮೂರನೇ ಮಹಡಿಯ ಮನೆ
ಮಾರ್ಚ್ ೯, ಶನಿವಾರ ಸಂಜೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಅಲ್ಲಿಯ ಹಾಸ್ಟೆಲ್ಲಿನ ನೀರು ಒಗ್ಗಿತೇ? ನಿಂತೂ ನಿಂತೂ ನಿನ್ನ ಎಡಗಾಲಿನ ಹಿಮ್ಮಡಿ ನೋಯುತ್ತದೆ, ಆ ಮೆತ್ತನೆಯ ಚಪ್ಪಲಿಯನ್ನೇ ಹಾಕಿಕೊ. ವಾರ್ಡಿನಲ್ಲಿ ನಿನ್ನ ಕಾಲಿನ ಚಂದ ನೋಡುವವರು ಯಾರೂ ಇಲ್ಲ. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ವಾಡಿಕೆ, ಅದಕ್ಕೆ ಬರೆದೆ. ನೀನು ಹೋಗಿ ಒಂದು ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ ಹ್ಞೂಂ, ಹ್ಞೂಂ ಎಂದು ಇಟ್ಟುಬಿಡುತ್ತೇನಲ್ಲ, ಬಾಯಿ ತೆಗೆದರೆ ದನಿ ಏರುತ್ತದೆ ಎಂಬ ಭಯಕ್ಕೆ. ಕಾಗದದಲ್ಲಿ ಎಷ್ಟು ಕೂಗಾಡಿದರೂ ಪಕ್ಕದ ಮನೆಯವರಿಗೆ ಕೇಳುವುದಿಲ್ಲ.

ಕುಂಡಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ನೀನು ಅದನ್ನೇ ಹುಡುಕುತ್ತ ಓದುತ್ತೀಯೆಂದು ಗೊತ್ತು. ಇಪ್ಪತ್ತಾರೂ ಬದುಕಿವೆ. ಮಲ್ಲಿಗೆ ಮೊಗ್ಗು ಬಿಟ್ಟಿದೆ. ಮಧ್ಯಾಹ್ನವೆಲ್ಲ ಬಾಲ್ಕನಿಗೆ ಬಿಸಿಲು ಬಡಿದರೂ ಮೇಲೆ ಹೊದಿಸಿದ ಮರದ ಸಿಪ್ಪೆಯ ಕೆಳಗೆ ಮಣ್ಣು ತಣ್ಣಗೆ, ಒದ್ದೆಯಾಗಿಯೇ ಇರುತ್ತದೆ. "ಮೇಲೆ ಒಣಗಿದೆ ಅಂತ ಸುರೀಬೇಡಿ ರೀ, ಎರಡು ಗೆಣ್ಣು ಒಳಗೆ ಬೆರಳು ಹಾಕಿ ನೋಡಿ" ಅಂದಿದ್ದೆಯಲ್ಲ, ಈಗ ಹಾಗೆಯೇ ನೋಡುತ್ತೇನೆ. ದಿನಕ್ಕೆರಡು ಸಲ ನೀರು ಕೇಳುತ್ತಿದ್ದ ಗಿಡಗಳಿಗೆ ನಾಲ್ಕು ದಿನಕ್ಕೊಮ್ಮೆ ಹಾಕಿದರೆ ಸಾಕಾಗಿದೆ.

ಹೋಗುವ ಮುಂಚಿನ ಆ ದಿನಗಳು ನೆನಪಿವೆಯೇ? ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳೇ ನೀನು ಬಾಲ್ಕನಿಯಲ್ಲಿ ಗೋಣಿ ಹಾಸಿ ಕೂತು ಒಂದೊಂದೇ ಕುಂಡ ಬೋರಲು ಹಾಕುತ್ತಿದ್ದೆ. ಹಳೆಯ ಮಣ್ಣು ಪುಡಿಮಾಡಿ, ಅದಕ್ಕೆ ಎರೆಗೊಬ್ಬರ, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಕಲಸಿ ಮತ್ತೆ ತುಂಬುತ್ತಿದ್ದೆ. ಮೇಲೆ ಹೊದಿಸಲು ಮರದ ಸಿಪ್ಪೆ ಬೇಕು ಅಂದೆ. ದಿನವಿಡೀ ಬಾಗಿಲು, ಚೌಕಟ್ಟುಗಳನ್ನು ಕೀಸುವ ಬಡಗಿ ಗಂಡನಿರುವಾಗ ಸಿಪ್ಪೆಗೇನು ಬರ? ನಾನು ದಿನಾ ಶೆಡ್ಡಿನಿಂದ ಒಂದು ಚೀಲ ಹೊತ್ತು ಮೂರು ಮಹಡಿ ಹತ್ತಿದೆ. ಬಣ್ಣ, ಎಣ್ಣೆ ಮೆತ್ತಿದ್ದು ಬೇಡ ಅಂದೆಯೆಂದು ಕೂತು ಆರಿಸಿದೆ. ಕಾಂಡಕ್ಕೆ ತಾಗದ ಹಾಗೆ ಸುತ್ತ ಜಾಗ ಬಿಟ್ಟು ಹಾಸಿದವನೂ ನಾನೇ. "ಎಂಟು ದಿನದ ಟ್ರೇನಿಂಗಿಗೆ ಯಾಕೇ ಇಷ್ಟೊಂದು?" ಎಂದು ಕೇಳಿದ್ದಕ್ಕೆ "ಇರ್ಲಿ ಬಿಡಿ, ನಿಮಗೆ ಮರೆವು ಜಾಸ್ತಿ" ಎಂದು ನೀನು ನಕ್ಕೆ. ಜೊತೆಗೆ ನಾನೂ ನಕ್ಕೆ, ಬೆಪ್ಪುತಕ್ಕಡಿ.

ಮೊದಲ ವಾರ ನಿನ್ನ ಮಾತು ಕೇಳದೆ ದಿನಾ ನೀರು ಸುರಿದೆ. ಆರನೇ ದಿನ ಪುದೀನ ಹಳದಿಯಾಯಿತು. ಗಾಬರಿಯಾಗಿ ಎಲೆ ಕಿತ್ತುಕೊಂಡು ಗಿಡ ಮಾರುವ ಅಕ್ಕನ ಹತ್ತಿರ ಓಡಿದೆ. ಅವಳು ಎಲೆ ತಿರುಗಿಸಿ ನೋಡಿ, "ನೀರು ಜಾಸ್ತಿ ಆಗಿದೆ ಅಷ್ಟೇ, ಕೈ ಕಟ್ಕೊಂಡು ಕೂತ್ಕೊಳಿ. ಒಂದು ವರ್ಷ ನಾನಿರಲ್ಲ, ಮಣ್ಣು ಹೇಗೆ ಹದ ಮಾಡ್ಲಿ ಅಂತ ನಿಮ್ಮನೆಯವರು ಕೇಳ್ಕೊಂಡೇ ಹೋಗಿದಾರಲ್ಲ" ಅಂದಳು. ಒಂದು ವರ್ಷ! ನನ್ನ ಮುಖ ನೋಡಿ ಪಾಪ ಅವಳೇ ತಡವರಿಸಿದಳು. ನಾನು ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಿ, ಬೇಡದಿದ್ದರೂ ಒಂದು ಚೀಲ ಗೊಬ್ಬರ ಕೊಂಡು ಮನೆಗೆ ಬಂದೆ.

ಅವತ್ತೇ ಫೋನಿನಲ್ಲಿ ಕೇಳಿದಾಗ ನೀನು ಸುಳ್ಳು ಮುಂದುವರಿಸಲಿಲ್ಲ. "ಹೇಳಿದ್ರೆ ನೀವು ಕಳಿಸ್ತಿರ್ಲಿಲ್ಲ" ಅಂದೆ. ಎಳೆಗೂಸುಗಳ ವಾರ್ಡಿನ ಇದೇ ತರಬೇತಿಗೆ ಎರಡು ವರ್ಷದ ಹಿಂದೆಯೂ ನಿನ್ನನ್ನು ಕರೆದಿದ್ದರು. ನಾನು "ನೋಡೋಣ, ನೋಡೋಣ" ಎನ್ನುತ್ತಲೇ ತಾರೀಖು ದಾಟಿಸಿದೆ. ಒಪ್ಪುತ್ತೇನೆ. ಬೇಡ ಅನ್ನುವ ಧೈರ್ಯವೂ ನನಗಿರಲಿಲ್ಲ, ಹೋಗು ಅನ್ನುವ ಮನಸ್ಸೂ ಇರಲಿಲ್ಲ. ಆದರೆ ನೀನು ಜಗಳ ಆಡಬಹುದಿತ್ತು, ತಟ್ಟೆ ಎಸೆಯಬಹುದಿತ್ತು, ಮುಖ ಊದಿಸಿಕೊಂಡು ವಾರಗಟ್ಟಲೆ ಮಾತು ಬಿಡಬಹುದಿತ್ತು. ಒಬ್ಬ ಗಂಡನ ಕಣ್ಣಿಗೆ ಎರಚಲು ಇಪ್ಪತ್ತಾರು ಕುಂಡದ ಮಣ್ಣು ಬೇಕಾಯಿತೇ? ಅದನ್ನೂ ನನ್ನ ಕೈಯಿಂದಲೇ ಮಾಡಿಸಿದೆಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ.

ಮೋಸ ಅನ್ನುವ ಮಾತು ನಿನಗೆ ದೊಡ್ಡದೆನಿಸಬಹುದು. ನನಗೆ ಬೇರೆ ಮಾತು ಸಿಗಲಿಲ್ಲ. ಬಾಲ್ಕನಿಗೆ ಹೋದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಟೊಮೆಟೊ ಗಿಡ ಬಾಡಬಾರದೆಂದು ಎಷ್ಟು ಮುಂದಾಲೋಚನೆ! ಯಾವುದಕ್ಕೆ ಎಷ್ಟು ದಪ್ಪ ಹೊದಿಕೆ, ಯಾವುದಕ್ಕೆ ಯಾವಾಗ ಗೊಬ್ಬರ, ಒಂದೊಂದಕ್ಕೂ ಚೀಟಿ ಅಂಟಿಸಿದ್ದೀಯ. ಹದಿನೇಳು ವರ್ಷ ಜೊತೆಗಿದ್ದವನಿಗೆ ಒಂದು ಚೀಟಿ ಬರೆದಿಡಲು ಆಗಲಿಲ್ಲವೇ? ಹೋದ ವಾರ ಸಿಟ್ಟಿನ ಭರದಲ್ಲಿ ಎರಡು ಕುಂಡದ ಸಿಪ್ಪೆ ಕೆದರಿ ಮೂಲೆಗೆ ಎಸೆದೆ. ಎರಡೇ ದಿನಕ್ಕೆ ಮೇಲ್ಮಣ್ಣು ಗಟ್ಟಿಯಾಗಿ ಎಲೆಗಳು ಜೋತುಬಿದ್ದವು. ಅಯ್ಯೋ ಅನಿಸಿ ಗುಡಿಸಿ ತಂದು ಮತ್ತೆ ಹಾಸಿದೆ. ಅವೇನು ಮಾಡಿದ್ದವು, ಪಾಪ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಗೆಳತಿಗೆ ನಮಸ್ಕಾರ ತಿಳಿಸು, ಅವಳಿಗೂ ಮೊದಲೇ ಎಲ್ಲ ಗೊತ್ತಿದ್ದಿರಬೇಕು. ನಿನ್ನ ಕೈಗೆ ಬರುವ ಕೂಸುಗಳೆಲ್ಲ ಸುಖವಾಗಿರಲಿ. ನನ್ನ ಸಿಟ್ಟು ಅವುಗಳಿಗೆ ತಾಗದಿರಲಿ.

ಇಂತಿ,
ಇನ್ನೂ ನಿನ್ನವನೇ ಆದ
ಮನೆಯವನು

ಇನ್ನೊಂದು ಮಾತು ಮರೆತಿದ್ದೆ. ಮರೆತಿರಲಿಲ್ಲ, ಸುಳ್ಳೇಕೆ. ಮಂಗಳವಾರ ನಿನ್ನ ತರಬೇತಿ ಕೇಂದ್ರದಿಂದ ಮನೆಯ ವಿಳಾಸಕ್ಕೆ ಪತ್ರ ಬಂತು. ಒಡೆದು ಓದಿದೆ, ತಪ್ಪು. ಎರಡನೇ ವರ್ಷವೂ ಅಲ್ಲೇ ಇರುತ್ತೀಯಾ ಎಂದು ಕೇಳಿದ್ದಾರೆ. ಇಪ್ಪತ್ತನೇ ತಾರೀಖಿನೊಳಗೆ ಒಪ್ಪಿಗೆ ತಲುಪದಿದ್ದರೆ ಆ ಜಾಗ ಬೇರೆಯವರಿಗೆ. ನಾಲ್ಕು ದಿನ ಅದನ್ನು ಉಳಿಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಇನ್ನು ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ನಿನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಪತ್ರವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಸಹಿ ಹಾಕುವುದೂ ಹಾಕದಿರುವುದೂ ನಿನ್ನಿಷ್ಟ. ಆದರೆ ಈ ಸಲ ಮೊದಲು ನನಗೆ ಹೇಳು.